ಎರಡು ಸ್ಪೇಸ್ ಹಾಕಿದರೆ ಸರಿಹೋಗುತ್ತಿದ್ದ ಹೆಸರು: ಜಾವಾ ಸ್ಟ್ರೀಮ್‌ಗಳ ಒಂದು ಪ್ರಕರಣ

ಹಿನ್ನೆಲೆ

ಮಲೆನಾಡಿನ ಒಂದು ಸಹಕಾರ ಸಂಘ. ಸಂಘದ ಹೆಸರು, ಊರು, ತಂತ್ರಾಂಶ ಬರೆದುಕೊಟ್ಟ ಸಣ್ಣ ಕಂಪನಿ, ಯಾವುದನ್ನೂ ಇಲ್ಲಿ ಹೇಳುವುದಿಲ್ಲ. ಉದಾಹರಣೆಗೆ ಕೊಟ್ಟಿರುವ ಹೆಸರುಗಳು ಯಾವ ಸದಸ್ಯರವೂ ಅಲ್ಲ, ಗುರುತು ಸಿಗದಿರಲೆಂದು ಕೆಲವು ವಿವರಗಳನ್ನೂ ಬದಲಿಸಿದ್ದೇನೆ.

ಸದಸ್ಯರ ಪಟ್ಟಿ ಒಂದು ಸಾದಾ ಪಠ್ಯದ ಫೈಲಿನಲ್ಲಿತ್ತು. ಸಾಲಿಗೊಬ್ಬ ಸದಸ್ಯ: ಸದಸ್ಯತ್ವ ಸಂಖ್ಯೆ, ಹೆಸರು, ತಂದೆಯ ಅಥವಾ ಗಂಡನ ಹೆಸರು, ಊರು, ಷೇರು ಮೊತ್ತ. ಊರುವಾರು ಜೋಡಿಸಿದ ಸುಮಾರು 4,000 ಸಾಲು, ಒಟ್ಟು 480 ಕಿಲೋಬೈಟಿನ ಆಸುಪಾಸು. ಕಚೇರಿಯ ಸಹಾಯಕಿ ಇದನ್ನು ನೋಟ್‌ಪ್ಯಾಡಿನಲ್ಲೇ ತಿದ್ದುತ್ತಿದ್ದರು. ಜಾವಾ 8ರಲ್ಲಿ ಬರೆದ ಪ್ರೋಗ್ರಾಂ ಆ ಫೈಲನ್ನು ಓದಿ ವಾರ್ಷಿಕ ಸಭೆಯ ನೋಟಿಸು, ಲಾಭಾಂಶದ ರಸೀದಿ ಮುದ್ರಿಸುತ್ತಿತ್ತು. ವರ್ಷಾಂತ್ಯದಲ್ಲಿ ಮಾತ್ರ ಅದೇ ಪ್ರೋಗ್ರಾಂ ಫೈಲನ್ನು ಓದಿ, ಹೊಸ ಷೇರು ಮೊತ್ತ ಸೇರಿಸಿ, ಅದೇ ಹೆಸರಿನಲ್ಲಿ ತಿರುಗಿ ಬರೆಯುತ್ತಿತ್ತು. ಅದೇ ಹೆಸರಿನಲ್ಲಿ ಎಂಬುದನ್ನು ನೆನಪಿಡಿ, ಮುಂದೆ ಅದರಿಂದ ಅನಾಹುತವಾಗಲಿದೆ.

ಪಟ್ಟಿಗೊಂದು ಪೂರ್ವಾಶ್ರಮವೂ ಇತ್ತು. ಕರ್ನಾಟಕದ ಬಹಳಷ್ಟು ಕಚೇರಿಗಳಂತೆ ಇಲ್ಲಿಯೂ ಮೊದಲು ಯೂನಿಕೋಡ್ (ಪ್ರತಿ ಅಕ್ಷರಕ್ಕೂ ಎಲ್ಲೆಡೆ ಒಂದೇ ಸಂಖ್ಯೆ ಕೊಡುವ ಪದ್ಧತಿ) ಅಲ್ಲದ ನುಡಿ ಫಾಂಟಿನಲ್ಲೇ ಟೈಪಿಂಗ್. ಕೆಲವು ವರ್ಷಗಳ ಹಿಂದೆ ಪರಿವರ್ತಕವೊಂದನ್ನು ಬಳಸಿ ಎಲ್ಲವನ್ನೂ ಯೂನಿಕೋಡಿಗೆ ತಂದಿದ್ದರು. ಹಾಗಾಗಿ ಅಕ್ಷರ ಕೆಟ್ಟರೆ ಮೊದಲ ಅನುಮಾನ ಹೋಗುತ್ತಿದ್ದದ್ದು ಆ ಪರಿವರ್ತನೆಯ ಮೇಲೆ.

ಸಮಸ್ಯೆ

ನೋಟಿಸುಗಳಲ್ಲಿ ಅಲ್ಲೊಂದು ಇಲ್ಲೊಂದು ಹೆಸರು ಕೆಡುತ್ತಿತ್ತು. ಒಂದು ಅಕ್ಷರ ಇರಬೇಕಾದಲ್ಲಿ ಕಪ್ಪು ವಜ್ರದೊಳಗೆ ಪ್ರಶ್ನಾರ್ಥಕ ಚಿಹ್ನೆ ಇರುವ ಗುರುತು, ಕೆಲವೆಡೆ ಎರಡು, ಕೆಲವೆಡೆ ಮೂರು. ಇಡೀ ಪಟ್ಟಿಯಲ್ಲಿ ಮೂವತ್ತರ ಸುಮಾರಿಗೆ ಇಂಥ ಜಾಗಗಳು. ಉಳಿದದ್ದೆಲ್ಲ ಸ್ವಚ್ಛ. ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದರೆ ಒಂದು ಅಕ್ಷರವೂ ಕೆಟ್ಟಿರುತ್ತಿರಲಿಲ್ಲ.

ಇಷ್ಟೇ ಆಗಿದ್ದರೆ ಯಾರಾದರೂ ಬೇಗ ಹಿಡಿಯುತ್ತಿದ್ದರು. ತಲೆ ಕೆಡಿಸಿದ್ದು, ಕೆಡುವ ಹೆಸರುಗಳು ಬದಲಾಗುತ್ತಿದ್ದದ್ದು. ಯಾವುದೋ ಊರಿಗೆ ಹೊಸ ಸದಸ್ಯರೊಬ್ಬರು ಸೇರಿದರೆ ಅವರಿಗಿಂತ ಮೇಲಿನ ಸಾಲುಗಳಲ್ಲಿ ಕೆಟ್ಟಿದ್ದು ಹಾಗೆಯೇ ಇರುತ್ತಿತ್ತು. ಕೆಳಗಿನವುಗಳಲ್ಲಿ ಮಾತ್ರ ಹಳೆಯ ಹೆಸರು ಸರಿಹೋಗಿ ಬೇರೆ ಯಾರದ್ದೋ ಕೆಡುತ್ತಿತ್ತು. ಹೋದ ತಿಂಗಳು ದೂರು ಕೊಟ್ಟವರ ರಸೀದಿ ಈ ತಿಂಗಳು ಚೆನ್ನಾಗಿ ಬರುತ್ತಿತ್ತು, ದೂರು ಕೊಡದೇ ಇದ್ದವರದ್ದು ಹಾಳಾಗುತ್ತಿತ್ತು. ಕಂಪನಿಯವರು ತಮ್ಮ ಕಚೇರಿಯಲ್ಲಿ ಇಂಗ್ಲಿಷ್ ಹೆಸರುಗಳ ಮಾದರಿ ಪಟ್ಟಿ ಇಟ್ಟುಕೊಂಡು ಪರೀಕ್ಷಿಸಿದಾಗಲೆಲ್ಲ ಪ್ರೋಗ್ರಾಂ ನಿರ್ದೋಷಿ.

ಏನೇನು ಮಾಡಿ ನೋಡಿದರು

ಮೊದಲು ಫಾಂಟ್. ವಿಂಡೋಸಿನ ತುಂಗಾ ಬದಲು ನಿರ್ಮಲಾ ಹಾಕಿದರು. ಫಾಂಟಿನಲ್ಲಿ ಅಕ್ಷರ ಇಲ್ಲದಿದ್ದರೆ ಬರುವುದು ಖಾಲಿ ಚೌಕ. ವಜ್ರದ ಗುರುತು ಯೂನಿಕೋಡಿನಲ್ಲಿ 65533ನೆಯ ಸಂಖ್ಯೆಯ ಸ್ವತಂತ್ರ ಅಕ್ಷರ. 'ಇಲ್ಲಿದ್ದ ಬೈಟುಗಳು ನನಗೆ ಅರ್ಥವಾಗಲಿಲ್ಲ' ಎಂದು ಓದುವ ಪ್ರೋಗ್ರಾಮೇ ಅದನ್ನು ಅಲ್ಲಿ ಕೂರಿಸಿರುತ್ತದೆ. ಈ ವ್ಯತ್ಯಾಸ ಗೊತ್ತಿದ್ದಿದ್ದರೆ ಫಾಂಟಿನ ದಾರಿಯನ್ನು ಹಿಡಿಯುವ ಅಗತ್ಯವೇ ಇರಲಿಲ್ಲ. ಆಮೇಲೆ ನುಡಿಯ ಹಳೆಯ ಫೈಲನ್ನು ಹುಡುಕಿ ಮತ್ತೊಮ್ಮೆ ಪರಿವರ್ತಿಸಿದರು. ಅದರಿಂದಲೂ ಏನೂ ಆಗಲಿಲ್ಲ.

ಮುಂದಿನ ಹೆಜ್ಜೆ ಅಪಾಯದ್ದು. ಕಂಪನಿಯ ಹೊಸ ಹುಡುಗನೊಬ್ಬ ಯುಟಿಎಫ್-8 (ಯೂನಿಕೋಡ್ ಸಂಖ್ಯೆಗಳನ್ನು ಫೈಲಿನಲ್ಲಿ ಬೈಟುಗಳಾಗಿ, ಅಂದರೆ 0ರಿಂದ 255ರೊಳಗಿನ ಸಂಖ್ಯೆಗಳಾಗಿ, ಬರೆಯುವ ಸಂಕೇತ ಪದ್ಧತಿ) ಎಂದು ನಮೂದಿಸಿದ್ದ ಭಾಗವೇ ತಪ್ಪಿರಬೇಕು ಎಂದುಕೊಂಡು ಅದನ್ನು ತೆಗೆದು, ಓದಲು ಬರಿಯ ಫೈಲ್‌ರೀಡರ್, ಬರೆಯಲು ಬರಿಯ ಫೈಲ್‌ರೈಟರ್ ಹಾಕಿದ. ಜಾವಾ 18ಕ್ಕಿಂತ ಮುಂಚೆ, ಅಂದರೆ 2022ರವರೆಗೆ, ಹೀಗೆ ಸಂಕೇತ ಪದ್ಧತಿ ಹೇಳದೆ ಬಿಟ್ಟರೆ ಜಾವಾ ಆಯಾ ಯಂತ್ರದ ಪದ್ಧತಿಯನ್ನು ಹಿಡಿಯುತ್ತಿತ್ತು. ಆ ವಿಂಡೋಸ್ ಯಂತ್ರದಲ್ಲಿ ಅದು ವಿಂಡೋಸ್-1252, ರೋಮನ್ ಲಿಪಿಗಾಗಿ ಮಾಡಿದ, ಅಕ್ಷರಕ್ಕೆ ಒಂದೇ ಬೈಟಿನ ಪದ್ಧತಿ. ಪರದೆಯ ಮೇಲೆ ಕನ್ನಡವೇ ಮಾಯವಾಯಿತು, ತಲೆಯ ಮೇಲೆ ಓರೆಗೆರೆ ಇರುವ ರೋಮನ್ ಅಕ್ಷರ, ಪಕ್ಕದಲ್ಲಿ ಮೇಲಕ್ಕೇರಿಸಿದ ಪುಟ್ಟ 2 ಅಥವಾ 3, ಮತ್ತೆ ಅದೇ ಜೋಡಿ, ಸಾಲುಗಟ್ಟಲೆ. ಕನ್ನಡದ ಯುಟಿಎಫ್-8 ಪಠ್ಯವನ್ನು ತಪ್ಪಾಗಿ ಓದಿದಾಗ ಕಾಣುವ ಖಾಯಂ ಮುಖ ಇದು. ಕನ್ನಡದ ಪ್ರತಿ ಅಕ್ಷರದ ಮೊದಲ ಬೈಟು 224, ಎರಡನೆಯದು 178 ಅಥವಾ 179. ವಿಂಡೋಸ್-1252ರಲ್ಲಿ 178 ಅಂದರೆ ಮೇಲಕ್ಕೇರಿಸಿದ ಎರಡು, 179 ಅಂದರೆ ಮೇಲಕ್ಕೇರಿಸಿದ ಮೂರು. ಬದಲಾವಣೆಯನ್ನು ಮಾರನೇ ದಿನವೇ ಹಿಂದೆಗೆದರು. ಅಷ್ಟರಲ್ಲಿ ಸಂಘದಲ್ಲಿ ಯಾರೋ ವರ್ಷಾಂತ್ಯದ ಗುಂಡಿ ಒತ್ತಿಯಾಗಿತ್ತು. ಅದರ ಫಲವನ್ನು ಕೊನೆಯಲ್ಲಿ ಹೇಳುತ್ತೇನೆ.

ನಾಲ್ಕನೆಯದಾಗಿ ಸ್ವಲ್ಪ ಅನುಭವಿಯಾದ ಇನ್ನೊಬ್ಬರು ಓದುವ ಬಫರಿನ (ಒಂದು ಸಲಕ್ಕೆ ಓದಿದ ಬೈಟುಗಳನ್ನು ಇಟ್ಟುಕೊಳ್ಳುವ ಜಾಗದ) ಅಳತೆಯನ್ನು 8,192 ಬೈಟಿನಿಂದ 10,48,576ಕ್ಕೆ, ಅಂದರೆ ಒಂದು ಮೆಗಾಬೈಟಿಗೆ ಏರಿಸಿದರು. ಹಾಗೇಕೆ ಮಾಡಿದರೋ ಅವರಿಗೂ ಸ್ಪಷ್ಟವಿರಲಿಲ್ಲ, ವೇಗ ಹೆಚ್ಚಿಸಲು ಎಂದರು. ಮೂವತ್ತೂ ವಜ್ರಗಳು ಒಮ್ಮೆಗೇ ಮಾಯ! ಎಲ್ಲರೂ ನಿಟ್ಟುಸಿರು ಬಿಟ್ಟರು, ಪ್ರಕರಣ ಮುಗಿಯಿತೆಂದು ಬರೆದಿಟ್ಟರು.

ನನ್ನ ಪ್ರಕಾರ ಇಡೀ ಪ್ರಕರಣದಲ್ಲಿ ಅತ್ಯಂತ ಕೆಟ್ಟ ನಿರ್ಧಾರ ಇದೇ. ಹುಡುಗನ ತಪ್ಪು ಒಂದೇ ದಿನದಲ್ಲಿ ಕಣ್ಣಿಗೆ ರಾಚಿತು, ಈ ಪರಿಹಾರ ಮಾತ್ರ ರೋಗವನ್ನು ಬಚ್ಚಿಟ್ಟಿತು. ಕೆಲವು ತಿಂಗಳ ಬಳಿಕ ಅಕ್ಕಪಕ್ಕದ ಎರಡು ಸಂಘಗಳು ಇದರೊಳಗೆ ವಿಲೀನವಾದವು, ಫೈಲು ಒಂದು ಮೆಗಾಬೈಟ್ ದಾಟಿತು. ಈಗ ಇಡೀ ಪಟ್ಟಿಯಲ್ಲಿ ಕೆಡುತ್ತಿದ್ದದ್ದು ಒಂದೇ ಒಂದು ಹೆಸರು. ಮೂವತ್ತು ಕೆಟ್ಟಾಗ ಎಲ್ಲರೂ ಹುಡುಕುತ್ತಾರೆ, ಒಂದು ಕೆಟ್ಟರೆ ಯಾರೂ ನೋಡುವುದಿಲ್ಲ. ವಜ್ರದ ಗುರುತಿನೊಂದಿಗೆ ಷೇರು ಪ್ರಮಾಣಪತ್ರ ಮುದ್ರಣವಾಗಿ, ಸಹಿ ಬಿದ್ದು, ಸದಸ್ಯರ ಕೈ ಸೇರಿ, ಬ್ಯಾಂಕಿನಲ್ಲಿ ತಿರಸ್ಕಾರಗೊಂಡು ಬಂದ ಮೇಲಷ್ಟೇ ಗೊತ್ತಾಯಿತು. ಕೋಡನ್ನು ನನಗೆ ತೋರಿಸಿದ್ದು ಆಗ.

ಸಹಾಯಕಿ ಹೇಳಿದ್ದು

ಕೋಡ್ ತೆರೆಯುವ ಮುನ್ನ ಪಟ್ಟಿಯನ್ನು ದಿನವೂ ಮುಟ್ಟುವವರ ಜೊತೆ ಮಾತಾಡಬೇಕೆನಿಸಿತು. ಫೈಲಿನಲ್ಲಿ ಎಷ್ಟೋ ಹೆಸರುಗಳಿಗೆ ಮೊದಲು ಕಾರಣವಿಲ್ಲದೆ ಒಂದೋ ಎರಡೋ ಖಾಲಿ ಜಾಗ ಇತ್ತು, ಅದೇಕೆಂದು ಕೇಳಿದೆ.

"ಅದು ನಾನೇ ಹಾಕಿದ್ದು ಸರ್. ಮೊದಲೆಲ್ಲ ಹೆಸರು ಕೆಡ್ತಿತ್ತಲ್ಲ, ಮೂರು ಗುರುತು ಬಂದಿದ್ರೆ ಹೆಸರಿಗೆ ಮೊದಲು ಒಂದು ಸ್ಪೇಸ್, ಎರಡು ಗುರುತು ಬಂದಿದ್ರೆ ಎರಡು ಸ್ಪೇಸ್. ಸರಿಹೋಗ್ತಿತ್ತು. ಮೂರು ಹಾಕಿದ್ರೆ ಮತ್ತೆ ಕೆಡ್ತಿತ್ತು."

ಇದನ್ನು ಅವರು ಕಂಪನಿಯವರಿಗೂ ಹೇಳಿದ್ದರಂತೆ. ಅವರು ನಕ್ಕು ಸುಮ್ಮನಾದರಂತೆ. ಮುದ್ರಿಸುವಾಗ ಪ್ರೋಗ್ರಾಂ ಅಂಚಿನ ಖಾಲಿ ಜಾಗಗಳನ್ನು ಕತ್ತರಿಸುತ್ತಿದ್ದುದರಿಂದ ಕಾಗದದಲ್ಲಿ ಏನೂ ಕಾಣುತ್ತಿರಲಿಲ್ಲ. ಕಂಪ್ಯೂಟರ್ ವಿಜ್ಞಾನ ಓದದ ಒಬ್ಬರು ಬರಿಗಣ್ಣಿನಿಂದ ಗಮನಿಸಿ ಈ ದೋಷಕ್ಕೆ ಮೂರರ ಆವರ್ತನ ಇದೆ ಎಂದು ಕಂಡುಕೊಂಡಿದ್ದರು. ಮೂರು ಎಂದ ಕೂಡಲೇ ಉಳಿದದ್ದು ತಾನಾಗಿ ಬಿಚ್ಚಿಕೊಳ್ಳುತ್ತದೆ, ಏಕೆಂದರೆ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟು. ಯೂನಿಕೋಡಿನಲ್ಲಿ ಕನ್ನಡದ ಪಾಲು 3200ರಿಂದ 3327ರವರೆಗಿನ ಸಂಖ್ಯೆಗಳು, 2048ರಿಂದ 65535ರ ನಡುವಿನ ಯಾವ ಸಂಖ್ಯೆಗೂ ಮೂರು ಬೈಟು ಬೇಕು. ಇಂಗ್ಲಿಷ್ ಅಕ್ಷರಕ್ಕೆ, ಅಂಕಿಗೆ, ಸ್ಪೇಸಿಗೆ ಒಂದೇ ಬೈಟು ಸಾಕು.

'ಲಕ್ಷ್ಮಮ್ಮ' ಎಂಬ ಹೆಸರನ್ನೇ ತೆಗೆದುಕೊಳ್ಳಿ. ನಮ್ಮ ಕಣ್ಣಿಗೆ ಮೂರು ಅಕ್ಷರ. ಯೂನಿಕೋಡಿಗೆ ಒಂಬತ್ತು: ಲ, ಕ, ವಿರಾಮ, ಷ, ವಿರಾಮ, ಮ, ಮ, ವಿರಾಮ, ಮ. ಇಲ್ಲಿ ವಿರಾಮ ಎಂದರೆ ವ್ಯಂಜನದ ಸ್ವರವನ್ನು ತೆಗೆದು ಒತ್ತಕ್ಷರ ಕಟ್ಟುವ ಚಿಹ್ನೆ. ಫೈಲಿನಲ್ಲಿ 27 ಬೈಟು.

ಕೋಡಿನೊಳಗೆ

ಓದುವ ಕ್ಲಾಸು ಮಾಡುತ್ತಿದ್ದದ್ದು ಇಷ್ಟು: ಫೈಲ್‌ಇನ್‌ಪುಟ್‌ಸ್ಟ್ರೀಮ್ ತೆರೆಯುವುದು, 8,192 ಬೈಟಿನ ಅರೇ ತುಂಬಿಸುವುದು, ತುಂಬಿದಷ್ಟನ್ನು ಆಗಿಂದಾಗ್ಗೆ ಯುಟಿಎಫ್-8 ಎಂದು ಹೇಳಿ ಹೊಸ ಸ್ಟ್ರಿಂಗ್ (ಪಠ್ಯದ ತುಣುಕು) ಮಾಡುವುದು, ಅದನ್ನು ಸ್ಟ್ರಿಂಗ್‌ಬಿಲ್ಡರಿಗೆ ಅಂಟಿಸುವುದು, ಮುಗಿಯುವವರೆಗೆ ಹೀಗೇ. ಮೇಲ್ನೋಟಕ್ಕೆ ತಪ್ಪೇ ಇಲ್ಲ. ಸಂಕೇತ ಪದ್ಧತಿ ನಮೂದಾಗಿದೆ, ಎಷ್ಟು ಬೈಟು ಬಂತೆಂದು ಲೆಕ್ಕ ಇಟ್ಟಿದೆ, ಕೊನೆಗೆ ಸಿಗುವ -1ನ್ನೂ ಸರಿಯಾಗಿ ನೋಡಿದೆ.

ಆದರೆ 8,192ನ್ನು ಮೂರರಿಂದ ಭಾಗಿಸಿದರೆ ಎರಡು ಉಳಿಯುತ್ತದೆ. ಬಫರಿನ ಅಳತೆ ಸಾಮಾನ್ಯವಾಗಿ ಎರಡರ ಘಾತ, ಎರಡರ ಯಾವ ಘಾತವೂ ಮೂರರಿಂದ ನಿಶ್ಶೇಷ ಭಾಗವಾಗುವುದಿಲ್ಲ. ಆದ್ದರಿಂದ ಪ್ರತಿ ತುಂಡಿನ ಗಡಿಯೂ ಒಂದು ಕನ್ನಡ ಅಕ್ಷರದ ನಡುವೆ ಬೀಳುವ ಅವಕಾಶ ಇದ್ದೇ ಇದೆ. 480 ಕಿಲೋಬೈಟೆಂದರೆ 60 ತುಂಡು, 59 ಗಡಿ. ಫೈಲಿನ ಮುಕ್ಕಾಲು ಪಾಲು ಬೈಟುಗಳು ಕನ್ನಡದ್ದು, ಉಳಿದದ್ದು ಅಂಕಿ, ಸ್ಪೇಸ್, ಅಲ್ಪವಿರಾಮ. ಮೂರು ಬೈಟಿನ ಅಕ್ಷರದಲ್ಲಿ ಗಡಿ ಬೀಳಬಹುದಾದ ಮೂರು ಜಾಗಗಳ ಪೈಕಿ ಎರಡು ಕೆಡುಕಿನವು. ಮುಕ್ಕಾಲಿನ ಮೂರನೇ ಎರಡು ಪಾಲು ಅಂದರೆ ಅರ್ಧ. 59ರ ಅರ್ಧ ಸರಿಸುಮಾರು ಮೂವತ್ತು, ದೂರಿನಲ್ಲಿದ್ದ ಸಂಖ್ಯೆಯೇ.

ವಜ್ರಗಳ ಲೆಕ್ಕವೂ ಹೊಂದಿಕೊಂಡಿತು. 'ಕ' ಅಕ್ಷರ 224, 178, 149. ಗಡಿ ಎರಡನೆಯ ಬೈಟಿನ ನಂತರ ಬಿದ್ದರೆ ಮೊದಲ ತುಂಡಿನ ಕೊನೆಯಲ್ಲಿ ಅಪೂರ್ಣವಾದ 224, 178 ಸೇರಿ ಒಂದು ವಜ್ರ, ಮುಂದಿನ ತುಂಡಿನ ಮೊದಲಿಗೆ ಅನಾಥ 149ಕ್ಕೆ ಇನ್ನೊಂದು. ಗಡಿ ಮೊದಲ ಬೈಟಿನ ನಂತರವೇ ಬಿದ್ದರೆ 224ಕ್ಕೆ ಒಂದು, 178 ಮತ್ತು 149ಕ್ಕೆ ತಲಾ ಒಂದು, ಒಟ್ಟು ಮೂರು. ಹೆಸರಿಗೆ ಮೊದಲು ಒಂದು ಸ್ಪೇಸ್ ಸೇರಿಸಿದರೆ ಇಡೀ ಹೆಸರು ಒಂದು ಬೈಟು ಮುಂದೆ ಸರಿಯುತ್ತದೆ. ಮೂರು ವಜ್ರದ ಅಕ್ಷರ ಪೂರ್ತಿಯಾಗಿ ಮುಂದಿನ ತುಂಡಿಗೆ ಹೋಗುತ್ತದೆ, ಎರಡು ವಜ್ರದ್ದಕ್ಕೆ ಇನ್ನೊಂದು ಸ್ಪೇಸ್ ಬೇಕು. ಸಹಾಯಕಿಯ ನಿಯಮ ಅಕ್ಷರಶಃ ಸರಿ. ಅವರು ಒಂದು ಹೆಸರನ್ನು ಸರಿಪಡಿಸಿದಾಗೆಲ್ಲ ಅದರ ಕೆಳಗಿನ ಎಲ್ಲ ಗಡಿಗಳೂ ಸರಿದು ಬೇರೆ ಹೆಸರು ಕೆಡುತ್ತಿದ್ದದ್ದೂ ಇದೇ ಕಾರಣಕ್ಕೆ.

ಇಲ್ಲಿ ಸ್ಟ್ರೀಮ್ ಎಂಬ, ಬೈಟುಗಳನ್ನು ಒಂದರ ಹಿಂದೊಂದು ಕೊಡುವ ವಸ್ತುವಿನ ಸ್ವಭಾವವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಜಾವಾದಲ್ಲಿ ಇನ್‌ಪುಟ್‌ಸ್ಟ್ರೀಮ್ ಒಂದು ಅಮೂರ್ತ ಕ್ಲಾಸ್. ಉಪಕ್ಲಾಸ್ ಬರೆಯುವವರು ಕಡ್ಡಾಯವಾಗಿ ತುಂಬಬೇಕಾದದ್ದು ಒಂದೇ ಮೆಥಡ್: ಮುಂದಿನ ಬೈಟನ್ನು 0ರಿಂದ 255ರೊಳಗಿನ ಪೂರ್ಣಾಂಕವಾಗಿ ಕೊಡು, ಮುಗಿದಿದ್ದರೆ -1 ಕೊಡು. ಬೈಟುಗಳು ಫೈಲಿನಿಂದ ಬರಲಿ, ನೆಟ್‌ವರ್ಕಿನಿಂದ ಬರಲಿ, ಮೆಮೊರಿಯ ಅರೇಯಿಂದ ಬರಲಿ, ಓದುವವರಿಗೆ ಕಾಣುವ ಮುಖ ಒಂದೇ. ಅರೇ ತುಂಬಿಸುವ ಮೆಥಡ್ ಕೊಡುವ ಭರವಸೆ ಇನ್ನೂ ಸಡಿಲ: ಕೇಳಿದಷ್ಟು ಕೊಡುತ್ತೇನೆ ಎನ್ನುವುದಿಲ್ಲ, ಕನಿಷ್ಠ ಒಂದು ಬೈಟು ಕೊಡುತ್ತೇನೆ ಎನ್ನುತ್ತದೆ ಅಷ್ಟೇ. ಸ್ಥಳೀಯ ಫೈಲಿನಲ್ಲಿ ಸಾಮಾನ್ಯವಾಗಿ ಅರೇ ತುಂಬುತ್ತದೆ, ನೆಟ್‌ವರ್ಕಿನಲ್ಲಿ ಎಷ್ಟು ಬರುತ್ತದೋ ಅಷ್ಟು. ಅಂದರೆ ಗಡಿ ಎಲ್ಲಿ ಬೀಳಬೇಕೆಂದು ನಿರ್ಧರಿಸುವ ಹಕ್ಕು ಸ್ಟ್ರೀಮಿನದು, ನಮ್ಮದಲ್ಲ.

1996ರ ಮೊದಲ ಜಾವಾದಲ್ಲಿ ಇದ್ದದ್ದು ಬೈಟು ಸ್ಟ್ರೀಮ್‌ಗಳು ಮಾತ್ರ. ಡೇಟಾಇನ್‌ಪುಟ್‌ಸ್ಟ್ರೀಮಿನಲ್ಲಿ ಸಾಲು ಓದುವ ಮೆಥಡ್ ಒಂದಿತ್ತು. ಅದು ಬೈಟನ್ನು ಅಕ್ಷರವಾಗಿ ಸರಿಯಾಗಿ ಪರಿವರ್ತಿಸುವುದಿಲ್ಲ ಎಂದು 1997ರ 1.1 ಆವೃತ್ತಿಯಲ್ಲೇ ಬಳಕೆಯಿಂದ ದೂರವಿಡಲು ಸೂಚಿಸಿ, ಅಕ್ಷರಗಳಿಗಾಗಿಯೇ ರೀಡರ್ ಮತ್ತು ರೈಟರ್ ಎಂಬ ಬೇರೆ ಕುಟುಂಬ ತಂದರು. ಎರಡು ಕುಟುಂಬಗಳ ನಡುವಿನ ಕೊಂಡಿ ಇನ್‌ಪುಟ್‌ಸ್ಟ್ರೀಮ್‌ರೀಡರ್. ಅದು ತಾನು ರೀಡರ್ ಜಾತಿಯದು, ಹೊಟ್ಟೆಯೊಳಗೆ ಒಂದು ಇನ್‌ಪುಟ್‌ಸ್ಟ್ರೀಮ್ ಇಟ್ಟುಕೊಂಡಿರುತ್ತದೆ, ಜೊತೆಗೆ ಬೈಟುಗಳನ್ನು ಅಕ್ಷರವಾಗಿಸುವ ಒಂದು ಡಿಕೋಡರ್ ಕೂಡ. ತುಂಡಿನ ಕೊನೆಯಲ್ಲಿ 224, 178 ಮಾತ್ರ ಸಿಕ್ಕರೆ ಅದು ಗಾಬರಿಯಾಗುವುದಿಲ್ಲ, ಆ ಎರಡನ್ನು ಇಟ್ಟುಕೊಂಡು ಮುಂದಿನ ಓದಿನಲ್ಲಿ 149 ಬರುವವರೆಗೆ ಕಾಯುತ್ತದೆ. ಹೊಸ ಸ್ಟ್ರಿಂಗ್ ಮಾಡುವ ಕರೆಗೆ ಈ ನೆನಪಿಲ್ಲ. ಕೊಟ್ಟ ಬೈಟುಗಳೇ ಅದರ ಇಡೀ ಪ್ರಪಂಚ. ಹಿಂದಿನ ಕರೆಯಲ್ಲಿ ಏನು ಉಳಿದಿತ್ತೆಂದು ಅದು ತಿಳಿಯಲಾರದು.

ವಸ್ತುವಿಗೆ ಸ್ಥಿತಿ ಇರುತ್ತದೆ ಎಂದು ಆಬ್ಜೆಕ್ಟ್ ಓರಿಯೆಂಟೆಡ್ ಪಾಠದ ಮೊದಲ ದಿನ ಹೇಳಿಕೊಡುತ್ತಾರೆ. ಬ್ಯಾಂಕ್ ಖಾತೆ, ಅದರಲ್ಲಿ ಬಾಕಿ ಹಣ ಎಂಬ ಉದಾಹರಣೆ ಕೊಟ್ಟು ಮುಂದೆ ಹೋಗುತ್ತಾರೆ. ಸ್ಟ್ರೀಮಿನ ಪಾಠ ಬಂದಾಗ ಯಾವ ಕ್ಲಾಸು ಯಾವುದನ್ನು ಸುತ್ತುತ್ತದೆ ಎಂಬ ಪಟ್ಟಿಯನ್ನು ಬಾಯಿಪಾಠ ಮಾಡಿಸುತ್ತಾರೆಯೇ ಹೊರತು, ಈ ಕ್ಷಣದಲ್ಲಿ ಯಾವ ಬೈಟು ಯಾವ ವಸ್ತುವಿನ ಹೊಟ್ಟೆಯಲ್ಲಿ ಕೂತಿದೆ ಎಂದು ಯಾರೂ ಕೇಳುವುದಿಲ್ಲ. ಈ ಪ್ರಕರಣದ ಮುಂದಿನ ಎರಡು ತೊಂದರೆಗಳೂ ಅದೇ ಪ್ರಶ್ನೆಯನ್ನು ಕೇಳದೇ ಬಿಟ್ಟದ್ದರಿಂದ ಬಂದವು.

ತೊಟ್ಟಿಕ್ಕುವ ಸ್ಟ್ರೀಮ್

ಕಾರಣ ತಿಳಿಯಿತೆಂದು ತಕ್ಷಣ ತಿದ್ದಿದ್ದರೆ ಮತ್ತೆ 'ಈಗ ಕಾಣುತ್ತಿಲ್ಲ' ಎಂಬ ಹಂತಕ್ಕೇ ಬಂದು ನಿಲ್ಲುತ್ತಿದ್ದೆವು. ಬಫರ್ ದೊಡ್ಡದು ಮಾಡಿದಾಗಲೂ ಕಾಣುತ್ತಿರಲಿಲ್ಲ. ಹಾಗಾಗಿ ಮೊದಲು ದೋಷವನ್ನು ಬೇಕೆಂದಾಗ ಬರಿಸುವ ಪರೀಕ್ಷೆ ಬೇಕು ಎಂದು ಪಟ್ಟು ಹಿಡಿದೆ. ಕಂಪನಿಯವರಿಗೆ ಇದು ವ್ಯರ್ಥ ಕೆಲಸ ಎನಿಸಿತು, ಒಪ್ಪಿಸಲು ಸಮಯ ಹಿಡಿಯಿತು.

ಅಡ್ಡಿಯಾದದ್ದು ಓದುವ ಕ್ಲಾಸಿನ ಕನ್‌ಸ್ಟ್ರಕ್ಟರ್. ಅದು ಫೈಲಿನ ದಾರಿಯನ್ನು ಕೇಳುತ್ತಿತ್ತು, ಒಳಗೆ ತಾನೇ ಫೈಲ್‌ಇನ್‌ಪುಟ್‌ಸ್ಟ್ರೀಮ್ ಹುಟ್ಟಿಸುತ್ತಿತ್ತು. ಹೀಗಿದ್ದರೆ ನಿಜವಾದ ಫೈಲು ಬಿಟ್ಟು ಬೇರೇನನ್ನೂ ಅದಕ್ಕೆ ಉಣಿಸುವಂತಿಲ್ಲ. ಅದನ್ನು ಬದಲಿಸಿ, ಯಾವುದೇ ಇನ್‌ಪುಟ್‌ಸ್ಟ್ರೀಮ್ ಕೊಟ್ಟರೂ ತೆಗೆದುಕೊಳ್ಳುವಂತೆ ಮಾಡಿದೆವು. ಸಣ್ಣ ಬದಲಾವಣೆ, ಆದರೆ ಪಾಲಿಮಾರ್ಫಿಸಮ್ (ಒಂದೇ ಮುಖದ ವಸ್ತುಗಳನ್ನು ಒಂದರ ಜಾಗದಲ್ಲಿ ಇನ್ನೊಂದು ಬಳಸುವುದು) ಅನ್ನುವುದು ಪರೀಕ್ಷೆಯ ಉತ್ತರಪತ್ರಿಕೆಯಿಂದ ಇಳಿದು ಕೆಲಸಕ್ಕೆ ಬಂದದ್ದು ಇಲ್ಲಿ.

ಬಳಿಕ ಫಿಲ್ಟರ್‌ಇನ್‌ಪುಟ್‌ಸ್ಟ್ರೀಮಿನಿಂದ ಒಂದು ಪುಟ್ಟ ಉಪಕ್ಲಾಸ್ ಬರೆದೆವು. ಅರೇ ತುಂಬಿಸು ಎಂದು ಯಾರು ಎಷ್ಟೇ ಕೇಳಿದರೂ ಅದು ಒಂದೇ ಬೈಟು ಕೊಡುತ್ತದೆ. ತೋಟದ ಹನಿ ನೀರಾವರಿಯ ಪೈಪಿನಂತೆ ಸುಮ್ಮನೆ ತೊಟ್ಟಿಕ್ಕುತ್ತದೆ, ಹಾಗಾಗಿ ಹೆಸರೂ ಅದೇ ಬಿತ್ತು. ಇದು ಮೋಸವಲ್ಲ. ಕನಿಷ್ಠ ಒಂದು ಎಂಬ ಭರವಸೆಯನ್ನು ಅದು ಚಾಚೂ ತಪ್ಪದೆ ಪಾಲಿಸುತ್ತದೆ. ಅದರೊಳಗೆ ಬೈಟ್‌ಅರೇಇನ್‌ಪುಟ್‌ಸ್ಟ್ರೀಮ್, ಅದರೊಳಗೆ 'ಲಕ್ಷ್ಮಮ್ಮ'ನ 27 ಬೈಟು. ಹಳೆಯ ಕೋಡಿಗೆ ಕೊಟ್ಟಾಗ ಪರದೆಯ ಮೇಲೆ 27 ವಜ್ರ, ಒಂದೂ ಅಕ್ಷರವಿಲ್ಲ. ಒಂದು ಮೆಗಾಬೈಟಿನ ಬಫರ್ ಇದ್ದರೂ ಅದೇ 27. ಆ ಬಫರ್ ಏರಿಸಿದವರು ಸ್ವಲ್ಪ ಹೊತ್ತು ಪರದೆ ನೋಡಿ, ತಾವೇ ಆ ಬದಲಾವಣೆಯನ್ನು ಅಳಿಸಿದರು. ವಾದ ಮುಗಿಯಿತು.

ತಿದ್ದುಪಡಿ ಕೆಲವೇ ಸಾಲು: ಸ್ಟ್ರೀಮನ್ನು ಯುಟಿಎಫ್-8 ನಮೂದಿಸಿದ ಇನ್‌ಪುಟ್‌ಸ್ಟ್ರೀಮ್‌ರೀಡರಿನಿಂದ ಸುತ್ತಿ, ಅದನ್ನು ಬಫರ್ಡ್‌ರೀಡರಿನಿಂದ ಸುತ್ತಿ, ಸಾಲು ಸಾಲಾಗಿ ಓದುವುದು. ತೊಟ್ಟಿಕ್ಕುವ ಸ್ಟ್ರೀಮಿನಿಂದ 'ಲಕ್ಷ್ಮಮ್ಮ' ಇಡಿಯಾಗಿ ಹೊರಬಂದಳು.

ತಿದ್ದಿದ ಮೇಲೆ ಹುಟ್ಟಿದ ತೊಂದರೆಗಳು

ಹೊಸ ಆವೃತ್ತಿಯ ಮೊದಲ ಮುದ್ರಣದಲ್ಲಿ ಅಕ್ಷರಗಳೆಲ್ಲ ಚೆನ್ನಾಗಿದ್ದವು, ಮೊದಲ ಊರಿನ ಅರವತ್ತು ಎಪ್ಪತ್ತು ಸದಸ್ಯರೇ ಇರಲಿಲ್ಲ. ಕಾರಣ ಫೈಲಿನ ಮೊದಲ ಸಾಲು. ಅದರಲ್ಲಿ ಶಾಖೆಯ ಸಂಕೇತ ಮತ್ತು ವರ್ಷ ಇರುತ್ತಿತ್ತು, ಅದನ್ನು ಓದಲು ಬೇರೆ ಮೆಥಡ್. ಆ ಮೆಥಡಿನೊಳಗೂ ಯಾರೋ ಅದೇ ಸ್ಟ್ರೀಮಿನ ಮೇಲೆ ತಮ್ಮದೊಂದು ಬಫರ್ಡ್‌ರೀಡರ್ ಕಟ್ಟಿ, ಒಂದು ಸಾಲು ಓದಿ, ಅದನ್ನು ಎಸೆದು ಹೊರಬಂದಿದ್ದರು. ಕೇಳಿದ್ದು ಒಂದು ಸಾಲಾದರೂ ಆ ರೀಡರ್ ಕೆಳಗಿನ ಸ್ಟ್ರೀಮಿನಿಂದ ಸಾವಿರಾರು ಬೈಟು ಎಳೆದುಕೊಂಡಿತ್ತು. ಉಳಿದ ಬೈಟುಗಳು ಅದರ ಹೊಟ್ಟೆಯಲ್ಲೇ ಇದ್ದವು, ಅದರ ಜೊತೆಗೇ ಹೋದವು. ಎರಡನೆಯ ರೀಡರ್ ಶುರು ಮಾಡಿದ್ದು ಯಾವುದೋ ಸಾಲಿನ ನಡುವಿನಿಂದ. ಒಂದು ಸ್ಟ್ರೀಮಿಗೆ ಒಂದೇ ರೀಡರ್ ಕಟ್ಟಿ, ಅದನ್ನೇ ಎರಡೂ ಮೆಥಡುಗಳಿಗೆ ದಾಟಿಸಿದಾಗ ಸರಿಹೋಯಿತು. ಅದೇ ಮೊದಲ ಸಾಲಿಗೆ ನೋಟ್‌ಪ್ಯಾಡ್ ಮುಂದೆ ಅಂಟಿಸುತ್ತಿದ್ದ 239, 187, 191 ಎಂಬ, ಫೈಲು ಯುಟಿಎಫ್-8 ಎಂದು ಸೂಚಿಸುವ ಮೂರು ಬೈಟಿನ ಗುರುತನ್ನು ಜಾವಾ ತಾನಾಗಿ ತೆಗೆಯುವುದಿಲ್ಲ, ಅದನ್ನೂ ಕೈಯಾರೆ ಕಳೆಯಬೇಕಾಯಿತು.

ಬರೆಯುವ ಕಡೆ ಇದರ ಕನ್ನಡಿ ಪ್ರತಿಬಿಂಬ. ವರ್ಷಾಂತ್ಯದ ಫೈಲಿನ ಕೊನೆಯ ಕೆಲವು ಸಾಲುಗಳು ಆಗಾಗ ಬೀಳುತ್ತಿದ್ದವು. ಲೆಕ್ಕದ ನಡುವೆ ಎಕ್ಸೆಪ್ಶನ್ (ಕೆಲಸ ನಿಲ್ಲಿಸುವ ದೋಷದ ಸೂಚನೆ) ಬಂದರೆ ರೈಟರನ್ನು ಮುಚ್ಚುವ ಸಾಲಿಗೆ ಕೋಡ್ ತಲುಪುತ್ತಲೇ ಇರಲಿಲ್ಲ, ಬಫರಿನಲ್ಲಿ ಕೂತಿದ್ದದ್ದು ಡಿಸ್ಕಿಗೆ ಇಳಿಯುತ್ತಿರಲಿಲ್ಲ. 2011ರ ಜಾವಾ 7ರಿಂದ ಇರುವ, ಬ್ಲಾಕಿನಿಂದ ಹೊರಬೀಳುವಾಗ ತಾನಾಗಿ ಮುಚ್ಚುವ ಟ್ರೈ ರಚನೆಗೆ ಬದಲಿಸಿದೆವು. ಪ್ರಿಂಟ್‌ರೈಟರನ್ನೂ ಬಿಟ್ಟೆವು, ಬರೆಯುವಾಗ ತೊಂದರೆಯಾದರೆ ಅದು ಎಕ್ಸೆಪ್ಶನ್ ಎಸೆಯದೆ ಒಳಗೇ ನುಂಗಿಕೊಳ್ಳುತ್ತದೆ, ನಾವಾಗಿ ಕೇಳಿದರೆ ಮಾತ್ರ ಬಾಯಿ ಬಿಡುತ್ತದೆ. ಸದಸ್ಯರ ಪಟ್ಟಿಗೆ ಅಂಥ ಮೌನ ಬೇಡ.

ಕಟ್ಟುನಿಟ್ಟಿನ ಬಗ್ಗೆ ಒಂದು ಜಗಳ

ಎಲ್ಲ ಮುಗಿದ ಮೇಲೆ ಒಂದು ಪ್ರಶ್ನೆ ಉಳಿಯಿತು. ಇನ್ನು ಮುಂದೆ ಅಸಿಂಧು ಬೈಟು ಸಿಕ್ಕರೆ ಪ್ರೋಗ್ರಾಂ ಏನು ಮಾಡಬೇಕು? ಪದ್ಧತಿಯ ಹೆಸರು ಮಾತ್ರ ಕೊಟ್ಟು ಕಟ್ಟಿದ ಇನ್‌ಪುಟ್‌ಸ್ಟ್ರೀಮ್‌ರೀಡರ್ ಸದ್ದಿಲ್ಲದೆ ವಜ್ರ ಕೂರಿಸಿ ಮುಂದೆ ಹೋಗುತ್ತದೆ. ಡಿಕೋಡರ್ ವಸ್ತುವನ್ನೇ ನಾವು ತಯಾರಿಸಿ ಕೊಟ್ಟರೆ ಅದು ಎಕ್ಸೆಪ್ಶನ್ ಎಸೆದು ನಿಲ್ಲುತ್ತದೆ.

ಸಂಘದ ಕಾರ್ಯದರ್ಶಿಯ ನಿಲುವು: ಸಭೆಯ ಹಿಂದಿನ ದಿನ ಪಟ್ಟಿಯೇ ಬರದಿದ್ದರೆ ನಾನು ಯಾರಿಗೆ ಉತ್ತರ ಹೇಳಲಿ, ಒಂದು ಹೆಸರು ಕೆಟ್ಟರೆ ಪೆನ್ನಿನಲ್ಲಿ ತಿದ್ದಿಕೊಳ್ಳುತ್ತೇನೆ. ಅವರ ಮಾತಿನಲ್ಲಿ ಹುರುಳಿತ್ತು. ಕೊನೆಗೆ ಹೀಗೆ ಒಪ್ಪಿದೆವು: ಮುದ್ರಿಸಲು ಓದುವಾಗ ವಜ್ರ ಇರಲಿ, ಜೊತೆಗೆ ಪರದೆಯಲ್ಲಿ ಎಚ್ಚರಿಕೆ ಬರಲಿ. ಫೈಲನ್ನು ತಿರುಗಿ ಬರೆಯಲು ಓದುವಾಗ ಮಾತ್ರ ಒಂದು ಬೈಟು ಕೆಟ್ಟಿದ್ದರೂ ನಿಲ್ಲಲಿ. ಕಾಗದದ ಮೇಲಿನ ವಜ್ರವನ್ನು ಪೆನ್ನಿನಿಂದ ತಿದ್ದಬಹುದು, ಫೈಲಿಗೆ ಬರೆದ ವಜ್ರ 239, 191, 189 ಎಂಬ ಸಿಂಧುವಾದ ಮೂರು ಬೈಟಾಗಿ ಅಲ್ಲೇ ನೆಲೆಸುತ್ತದೆ, ಅದರಡಿ ಯಾವ ಅಕ್ಷರ ಇತ್ತೆಂದು ಯಾವ ತಂತ್ರಾಂಶವೂ ಹೇಳಲಾರದು. ಎಲ್ಲಿ ಕೆಟ್ಟಿದೆಯೆಂದು ಹುಡುಕಲು ಬೇರೊಂದು ಪುಟ್ಟ ಪ್ರೋಗ್ರಾಂ ಮಾಡಿದೆವು. ಅದು ಬೈಟುಗಳನ್ನು ಮೊದಲು ಸಾಲಾಗಿ ಒಡೆದು, ಆಮೇಲೆ ಒಂದೊಂದೇ ಸಾಲನ್ನು ಡಿಕೋಡ್ ಮಾಡುತ್ತದೆ. ಸಾಲಿನ ಕೊನೆಯನ್ನು ಸೂಚಿಸುವ 10 ಎಂಬ ಬೈಟು ಯುಟಿಎಫ್-8ರಲ್ಲಿ ಬೇರಾವ ಅಕ್ಷರದ ನಡುವೆಯೂ ಬರುವುದಿಲ್ಲವಾದ್ದರಿಂದ ಹೀಗೆ ಒಡೆದರೆ ಅಪಾಯವಿಲ್ಲ.

ವರ್ಷಾಂತ್ಯದ ಆ ಫೈಲು

ಇನ್ನು ಆ ಗುಂಡಿಯ ವಿಚಾರ. ವಿಂಡೋಸ್-1252 ಎಂದು ಓದಿ, ವಿಂಡೋಸ್-1252 ಎಂದೇ ಬರೆದ ಫೈಲು. ಕೆಟ್ಟೇ ಹೋಗಿರಬೇಕೆಂದು ಎಲ್ಲರೂ ಅಂದುಕೊಂಡಿದ್ದರು. ಬೈಟುಗಳನ್ನು ನೋಡಿದರೆ ಬಹುಪಾಲು ಹಾಗೆಯೇ ಇದ್ದವು. ಒಳಗೆ ಬರುವಾಗ ಮಾಡಿದ ತಪ್ಪನ್ನೇ ಹೊರಗೆ ಹೋಗುವಾಗ ತಿರುಗುಮುರುಗಾಗಿ ಮಾಡಿದ್ದರಿಂದ 224 ಮತ್ತೆ 224 ಆಗಿಯೇ ಹೊರಬಂದಿತ್ತು.

ಆದರೆ ಆ ಪದ್ಧತಿಯಲ್ಲಿ ಐದು ಬೈಟುಗಳಿಗೆ ಯಾವ ಅಕ್ಷರವೂ ಇಲ್ಲ: 129, 141, 143, 144, 157. ಓದುವಾಗ ಇವು ವಜ್ರವಾದವು, ಬರೆಯುವಾಗ ಆ ವಜ್ರಕ್ಕೂ ಜಾಗವಿಲ್ಲದೆ ಸಾದಾ ಪ್ರಶ್ನಾರ್ಥಕ ಚಿಹ್ನೆಯಾದವು, ಅಂದರೆ 63. ಕನ್ನಡದ ದುರದೃಷ್ಟಕ್ಕೆ ವಿರಾಮ ಚಿಹ್ನೆಯ ಮೂರನೇ ಬೈಟು 141. ಅದಿಲ್ಲದೆ ಒಂದು ಒತ್ತಕ್ಷರವೂ ಇಲ್ಲ. ಕೊಂಬಿನ ಉಕಾರದ ಮೂರನೇ ಬೈಟು 129. ಏ, ಐ, ಝಗಳಿಗೆ 143, 144, 157. ಪಟ್ಟಿಯ ಪ್ರತಿಯೊಂದು ಒತ್ತು, ಪ್ರತಿಯೊಂದು ಹ್ರಸ್ವ ಕೊಂಬು ಹೋಗಿತ್ತು.

ಏ, ಐ, ಝಗಳಲ್ಲಿ ಎರಡನೇ ಬೈಟು 178. ವಿರಾಮ ಮತ್ತು ಉಕಾರ ಎರಡರಲ್ಲೂ 179. ಆದ್ದರಿಂದ 224, 179, 63 ಎಂದಿದ್ದರೆ ಅದು ಒತ್ತೋ ಕೊಂಬೋ ಎಂಬ ಎರಡೇ ಸಾಧ್ಯತೆ, ಬೈಟು ನೋಡಿ ಹೇಳುವಂತಿಲ್ಲ. ಹಿಂದಿನ ವರ್ಷದ ಪ್ರತಿ ಉಳಿದಿತ್ತು. ಸದಸ್ಯತ್ವ ಸಂಖ್ಯೆ ಹಿಡಿದು ಎರಡನ್ನೂ ಹೋಲಿಸಿ ಹೆಚ್ಚಿನ ಹೆಸರುಗಳನ್ನು ಪ್ರೋಗ್ರಾಮೇ ಮರಳಿ ತುಂಬಿತು. ಆ ವರ್ಷ ಹೊಸದಾಗಿ ಸೇರಿದವರಿಗೆ ಹಳೆಯ ಪ್ರತಿಯಿಲ್ಲ. ಅವರ ಹೆಸರುಗಳಲ್ಲಿ ಎರಡೂ ಸಾಧ್ಯತೆಗಳನ್ನು ಪಕ್ಕಪಕ್ಕ ಮುದ್ರಿಸಿಕೊಟ್ಟೆವು, 'ಪುಟ್ಟಮ್ಮ' ಒಂದು ಅಂಕಣದಲ್ಲಿ, 'ಪ್ಟುಟಮುಮ' ಇನ್ನೊಂದರಲ್ಲಿ, ನಡುವೆ ಉಳಿದ ಬೆರಕೆಗಳು. ಕಾರ್ಯದರ್ಶಿ ಮೊದಲು ನಕ್ಕರು. ಸಹಾಯಕಿ ಅರ್ಜಿ ನಮೂನೆಗಳ ಕಡತ ತಂದು ಒಂದೊಂದನ್ನೇ ಗುರುತು ಹಾಕುತ್ತಾ ಹೋದರು, ಅನುಮಾನ ಬಂದ ಕೆಲವರಿಗೆ ಫೋನ್ ಮಾಡಿದರು.

ಈಗ ವರ್ಷಾಂತ್ಯದ ಕೆಲಸ ಹೊಸ ಹೆಸರಿನ ಫೈಲಿಗೆ ಬರೆಯುತ್ತದೆ, ಹಳೆಯದು ಹಾಗೆಯೇ ಉಳಿಯುತ್ತದೆ. ಹೆಸರುಗಳಿಗೆ ಮೊದಲು ಇದ್ದ ಸ್ಪೇಸುಗಳನ್ನೂ ತೆಗೆಸಿದೆವು, ಅವುಗಳಿಂದಾಗಿ ಹೆಸರು ಹಿಡಿದು ಹುಡುಕಿದರೆ ಸದಸ್ಯರು ಸಿಗುತ್ತಿರಲಿಲ್ಲ. ತೆಗೆಯುವ ಮುನ್ನ ಸಹಾಯಕಿ ಒಮ್ಮೆ ಕೇಳಿದರು, ಮತ್ತೆ ಕೆಡೋದಿಲ್ಲ ತಾನೇ ಎಂದು. ತೊಟ್ಟಿಕ್ಕುವ ಸ್ಟ್ರೀಮಿಗೆ ಅವರ ಊರಿನ ಪಟ್ಟಿಯನ್ನೇ ಹಾಕಿ ಓಡಿಸಿ ತೋರಿಸಿದೆವು.